ಕಂಪ್ಯೂಟರಿಗೆ ಕಾಣದ ನಡೆ

"ಈ ಡಬ್ಬಿ ಚದುರಂಗ ಆಡ್ತದಂತ! ಮಧ್ಯಾಹ್ನದೊಳಗ ಇದರ ಸೊಕ್ಕು ಮುರೀದಿದ್ರ ನಾ ಮಾನ್ವಿ ವಿರೂಪಣ್ಣನಽ ಅಲ್ಲ!" ಎಂದು ರೈಸ್‌ಮಿಲ್ ಮಾಲೀಕ ವಿರೂಪಣ್ಣ ಮೀಸೆಯ ಮೇಲೆ ಕೈಯಾಡಿಸಿದ. ಮಾನ್ವಿಯ ಮಿಲ್ಲಿನ ಅಂಗಳದಲ್ಲಿ ಆತನ ಎದುರು ಗೆದ್ದವರಿಲ್ಲ. ಗೆದ್ದ ಒಬ್ಬಿಬ್ಬರಿಗೆ ಅಲ್ಲಿ ಮತ್ತೆ ಚಹಾ ಸಿಕ್ಕಿಲ್ಲ!

ರಾಯಚೂರಿನ ಮನೆಯಲ್ಲಿ ಆ ಡಬ್ಬಿ, ಅಂದರೆ ಲ್ಯಾಪ್‌ಟಾಪಿನ ಮುಂದೆ ಕೂತವಳು ಮಗಳು ಸುನಂದಾ. ಎಂ.ಟೆಕ್. ಪರೀಕ್ಷೆಗೆಂದು ಚದುರಂಗ ಆಡುವ ಪ್ರೋಗ್ರಾಂ ಬರೆದಿದ್ದಳು. ಅಂದೇ ಮೂರು ಗಂಟೆಗೆ ಕಾಲೇಜಿನಲ್ಲಿ ಪರೀಕ್ಷಕರ ಮುಂದೆ ಆಡಿಸಿ ತೋರಿಸಬೇಕು. ಎಡವಿದರೆ ಎರಡು ವರ್ಷದ ದುಡಿಮೆ ಕೃಷ್ಣೆಯ ಪಾಲು.

"ಯಪ್ಪಾ, ಇದು ತನ್ನ ನಡಿ ಎಲ್ಲಾ ನೋಡ್ತದ, ಅದಕ್ಕ ನಿನ್ನ ಉತ್ತರ ನೋಡ್ತದ, ಅದಕ್ಕ ಮತ್ತ ತನ್ನ ಉತ್ತರ. ನಿನ್ನ ಮಿಲ್ಲಿನಾಗ ಅಕ್ಕಿಯಿಂದ ಹರಳು ಬ್ಯಾರಿ ಮಾಡ್ದಂಗ ಕೆಲಸಕ್ಕ ಬಾರದ ದಾರಿ ಕೈಬಿಟ್ಟು, ಚಲೋ ನಡಿ ಹುಡುಕ್ತದ. ನಿನಗ ಉತ್ತರ ಗೊತ್ತಿರೋ ಒಂದು ಬಿಗಿ ಆಟ ಕೊಡು, ಪರೀಕ್ಷೆ ಮಾಡೋಣು."

ವಿರೂಪಣ್ಣ ಕೊಟ್ಟದ್ದು ಸಾಮಾನ್ಯ ಆಟವೇ? ದೇವದುರ್ಗಕ್ಕೆ ಹೆಣ್ಣು ನೋಡಲು ಹೋದ ದಿನ ಮಾವನನ್ನೇ ಮಣಿಸಿದ ಆಟ! ಕರಿ ಬಾದಷಾನ, ಅಂದರೆ ರಾಜನ, ಸುತ್ತ ವೈರಿಯ ಆನೆ, ವಜೀರ, ಒಂಟೆ. ಪಾರಾಗಲು ಒಂದೇ ನಡೆ.

ಯಂತ್ರ ಕಣ್ಣು ಮಿಟುಕಿಸುವುದರೊಳಗೆ ಹೇಳಿತು: ಕರಿ ಬಾದಷಾ ಸತ್ತ, ದಾರಿಯಿಲ್ಲ.

"ಸುಳ್ಳು!" ವಿರೂಪಣ್ಣನ ಆ ಕೂಗಿಗೆ ದೂರದ ಗುಂಜಹಳ್ಳಿಯ ಎತ್ತುಗಳು ಹಗ್ಗ ಹರಿದುಕೊಂಡವು. "ಚಂದಾಗಿ ಪಾರಾಗ್ತಾನ! ಇದಕ್ಕ ಕಣ್ಣಿಲ್ಲ! ಇನ್ನೂ ಆಳಕ್ಕ ಹುಡುಕಂತ ಹೇಳು!"

"ಹಂಗಾರ ಆ ನಡಿ ಯಾವ್ದು, ಹೇಳು!"

"ಪ್ರಶ್ನೆಪತ್ರಿಕಿ ಜೋಡಿ ಯಾರರೆ ಉತ್ತರಾನೂ ಹಂಚ್ತಾರೇನು?"

ಮಾನ್ವಿಗೆ ಫೋನು ಹೋಯಿತು. ಮಿಲ್ಲಿನ ಮುನೀಮ ಮೆಹಬೂಬ್ ಪಾಷಾ ಈ ಆಟದ ಕಥೆ ಕೇಳಿ ಕೇಳಿ ಬಾಯಿಪಾಠ ಮಾಡಿದವ. "ನಡಿ ಹೇಳಬ್ಯಾಡ, ಪಾರಾಗ್ತಾನೋ ಇಲ್ಲೋ ಅಷ್ಟಽ ಹೇಳು!" ಎಂದು ವಿರೂಪಣ್ಣ ಕೇಳಿದರೆ, "ಪಾರಾಗ್ತಾನ್ರೀ ಸಾವ್ಕಾರ್ರ! ಸಣ್ಣ ಹುಡುಗ್ರಿಗೂ ಗೊತ್ತದ!" ಎಂದು ಸ್ಪೀಕರಿನಲ್ಲಿ ಗುಡುಗಿದ.

ಸುನಂದಾಳ ಧೈರ್ಯ ಕುಸಿಯಿತು. ಯಂತ್ರ ಅಕ್ಕಿಯನ್ನೇ ಹರಳೆಂದು ಎಸೆಯುತ್ತಿದೆಯೇನೋ! ಪ್ರೋಗ್ರಾಮಿನ ಆರಿಸುವ ಭಾಗವನ್ನೇ ಕಿತ್ತುಹಾಕಿ, ಹರಳು, ಹೊಟ್ಟು, ಧೂಳು ಎಲ್ಲವನ್ನೂ ಬಿಡದೆ ನೋಡು ಎಂದಳು. ಆಯಿತು! ಲ್ಯಾಪ್‌ಟಾಪಿನ ಫ್ಯಾನು ಮಿಲ್ಲಿನ ಮೋಟರಿನಂತೆ ಕಿರುಚಿತು. ಅದರ ಮೇಲೆ ರೊಟ್ಟಿ ಸುಡಬಹುದು, ಅಷ್ಟು ಕಾವು! ಗಂಟೆ ಕಳೆದರೂ ಉತ್ತರವಿಲ್ಲ.

ವಿರೂಪಣ್ಣ ಅಡುಗೆಮನೆಯ ಕಡೆಗಿದ್ದ ಕೂಲರನ್ನು ದರದರ ಎಳೆದು ಲ್ಯಾಪ್‌ಟಾಪಿಗೆ ತಿರುಗಿಸಿ ಪೂರ್ತಿ ವೇಗಕ್ಕಿಟ್ಟ. ನಡುವೆ ಹೆಂಡತಿ ಬಸವಂತಮ್ಮನ ಹಿಟ್ಟಿನ ಪರಾತ ಇರುವುದನ್ನು ನೋಡಲಿಲ್ಲ. ಜೋಳದ ಹಿಟ್ಟು ಎದ್ದಿತು ನೋಡಿ! ಟಿವಿ ಬೆಳ್ಳಗೆ, ಸೋಫಾ ಬೆಳ್ಳಗೆ, ಬಸವಂತಮ್ಮ ನೆತ್ತಿಯಿಂದ ಅಂಗಾಲಿನವರೆಗೆ ಬೆಳ್ಳಗೆ!

"ಏನ್ರೀ, ಇದು ಮನಿನೋ ಮಿಲ್ಲೋ? ನನ್ನೂ ಚದುರಂಗದ ಕಾಯಿ ಅನ್ಕೊಂಡೀರೇನು, ಕರೇ ಇದ್ದಾಕಿನ್ನ ಬಿಳೇ ಮಾಡಾಕ?"

"ನೀ ಸುಮ್ನಿರು! ಇಲ್ಲೆ ಒಬ್ಬ ಬಾದಷಾನ ಜೀವದ ಪ್ರಶ್ನೆ ಅದ!"

"ಇಲ್ಲೂ ಒಬ್ಬರ ಜೀವದ ಪ್ರಶ್ನೆ ಅದ. ನಿಮ್ಮದು!"

ಎರಡು ಹೊಡೆಯಿತು. ಸುನಂದಾಳ ಕಣ್ಣಲ್ಲಿ ನೀರು, ಮಾತಿನಲ್ಲಿ ಬೆಂಕಿ. "ಯಪ್ಪಾ, ಸಾಕು! ಈಗಿಂದೀಗ ತೋರ್ಸು, ಹೆಂಗ ಪಾರಾಗ್ತಾನ!"

ಹಿಟ್ಟು ಮೆತ್ತಿದ ತೆರೆಯ ಮೇಲೆ ವಿರೂಪಣ್ಣ ಗಂಭೀರವಾಗಿ ಗೀಟು ಎಳೆದ. "ಬಾದಷಾ ಒಂದ್ಸಲ ಕುದುರಿ ಹಂಗ ಜಿಗೀತಾನ. ಎರಡು ಮನಿ ಮುಂದ, ಒಂದು ಮನಿ ಬಾಜೂಕ. ಮುಗೀತು!"

ಕೂಲರ್ ಕೂಡ ಒಂದು ಕ್ಷಣ ಊದುವುದನ್ನು ಮರೆಯಿತು.

"ಯಪ್ಪಾ, ಅದು ನಮ್ಮ ಕಟ್ಟಿ ಮ್ಯಾಲಿನ ಆಟ! ಯಾವ ಟೂರ್ನಮೆಂಟಿನಾಗೂ ರಾಜ ಜಿಗಿಯಂಗಿಲ್ಲ! ನಿನ್ನ ಮಾತು ಕೇಳಿ ಸರಿ ಇದ್ದದ್ದನ್ನ ಕೆಡಿಸ್ಕೊಂಡೆನಲ್ಲಾ!"

"ಜಗತ್ತಿನವ್ರಿಗೆ ಆಟ ಬರದಿದ್ರ ನಾ ಏನ್ ಮಾಡ್ಲಿ? ದೇವದುರ್ಗದಿಂದ ಮಾನ್ವಿ ತನಕ ಎಲ್ಲಾ ಬಾದಷಾಗಳೂ ಜಿಗೀತಾರ!"

ಪುಣ್ಯಕ್ಕೆ ಬೆಳಗಿನ ಪ್ರತಿ ಉಳಿದಿತ್ತು. ಪರೀಕ್ಷಕರಿಗೆ ಅದನ್ನು ಎತ್ತಿಟ್ಟು, ಹಲ್ಲು ಕಡಿಯುತ್ತ ಅದರ ಇನ್ನೊಂದು ನಕಲಿಗೆ ಬಾದಷಾನ ಜಿಗಿತವನ್ನೂ ಸೇರಿಸಿದಳು. "ಬಾ, ಕೂಡು! ನಿನ್ನ ಕಾಯ್ದೇನಽ. ಆಡು!"

ವಿರೂಪಣ್ಣ ದಂಡು ಸಮೇತ ನುಗ್ಗಿದ. ಎದುರಿನ ಬಾದಷಾನನ್ನು ಮೂಲೆಗೊತ್ತಿ "ಷಹ್! ಸತ್ತ!" ಎಂದು ತೊಡೆ ತಟ್ಟಿದ. ಯಂತ್ರದ ಬಾದಷಾ ಟಣ್ಣನೆ ಜಿಗಿದು ಆಚೆ ಕೂತ. ಅವನು ಬಿಟ್ಟುಹೋದ ಸಾಲಿನ ತುದಿಯಲ್ಲಿ ಕಾದಿದ್ದ ಆನೆ ನೇರವಾಗಿ ವಿರೂಪಣ್ಣನ ಬಾದಷಾನನ್ನೇ ಗುರಿಯಿಟ್ಟಿತು. ಅಲುಗಲು ಮನೆಯಿಲ್ಲ, ಜಿಗಿಯಲೂ ಮನೆಯಿಲ್ಲ. ಆಟ ಖಲಾಸ್!

ವಿರೂಪಣ್ಣ ಎದ್ದು ನಿಂತ. ಮುಖ ಬ್ಯಾಡಗಿ ಮೆಣಸಿನಕಾಯಿ. "ಮೋಸ! ಹಲ್ಕಟ್ ಮೋಸ! ಬಾದಷಾ ಎಲ್ಲರೆ ಹಂಗ ಜಿಗೀತಾನೇನ್ಲೇ?"

ಸುನಂದಾ ಲ್ಯಾಪ್‌ಟಾಪ್ ಮುಚ್ಚಿ ಚಪ್ಪಲಿ ಮೆಟ್ಟಿದಳು. "ಪರೀಕ್ಷೆ ಮುಗೀತು ಯಪ್ಪಾ. ಯಂತ್ರ ಪಾಸು. ನಿನ್ನ ರಿಸಲ್ಟ್ ಅವ್ವ ಹೇಳ್ತಾಳ."

ಬಸವಂತಮ್ಮ ಕಸಬರಿಗೆ ಚಾಚಿ ಬಾಗಿಲಿಗೆ ಅಡ್ಡ ನಿಂತಿದ್ದಳು. ವಿರೂಪಣ್ಣ ಎಲ್ಲಾ ದಾರಿ ಹುಡುಕಿದ. ಹಿಂದೆ ಗೋಡೆ, ಎಡಕ್ಕೆ ಕೂಲರ್, ಬಲಕ್ಕೆ ಸೋಫಾ. ಜಿಗಿಯಲು ಮೊಣಕಾಲು ಒಪ್ಪಲಿಲ್ಲ. ಉಳಿದದ್ದು ಒಂದೇ ಒಂದು ಚಲೋ ನಡೆ. ಕಸಬರಿಗೆ ಇಸಿದುಕೊಂಡು ತೆಪ್ಪಗೆ ಗುಡಿಸತೊಡಗಿದ.