ಕೆಂಪಾಗಿಯೇ ಉಳಿದ ಕಾರು

ನಗಬಾರದ ಹೊತ್ತಿನಲ್ಲೇ ನಗು ಬರುವಂಥದ್ದು ನಡೆಯುವುದು ನಮ್ಮ ಮನೆಗೆ ಮೊದಲಿನಿಂದ ಅಂಟಿದ ಚಾಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ, ಕೋಲಾರದ ನಮ್ಮ ಹಿತ್ತಿಲಲ್ಲಿ ಅಣ್ಣನ ಹಳೇ ಕಾರಿಗೆ ಬಣ್ಣ ಹೊಡೆಸಿದಾಗಲೂ ಹಾಗೇ ಆಯಿತು.

ಅಣ್ಣನಿಗೆ ಇನ್ನು ಕೆಲವೇ ವಾರ ಎಂದು ಡಾಕ್ಟರು ನನ್ನೊಬ್ಬನಿಗೆ ಹೇಳಿದ್ದರು. ಅವನ ಆಸೆ ಒಂದೇ. "ಲೇ, ದೇವರಾಯಸಮುದ್ರದ ಕೆರೆ ತುಂಬಿದೆಯಂತೆ ಕಣೋ. ಕಾರಿಗೆ ಕರೀ ಬಣ್ಣ ಹೊಡೆಸು. ಮಿರಮಿರ ಅನ್ನೋ ಕಾರಲ್ಲಿ ಕೆರೆ ಏರಿ ಮೇಲೆ ಒಂದ್ಸಲ ಹೋಗ್ಬರೋಣ."

ಕಾರಿಗೆ ಬಣ್ಣ ಹೊಡೆಯುವ ಬೆಂಗಳೂರಿನ ಶಾಪುಗಳ ಮುಂದೆ ಮಿಲಿಟರಿ ಲಾರಿಗಳ ಸಾಲು. ಹಾಗಾಗಿ ಮನೆಗಳ ಬಾಗಿಲು ಕಿಟಕಿಗೆ ಬಣ್ಣ ಹೊಡೆಯುವ ಮೇಸ್ತ್ರಿಯನ್ನೇ ಕರೆತಂದೆ.

೧. ಎಣ್ಣೆನೀರು

ಕರೀ ಬಣ್ಣಕ್ಕೆ ಮುಂಚೆ ಕೆಂಪು ಪ್ರೈಮರ್ ಬಳಿಯಬೇಕು. ಮೇಸ್ತ್ರಿ ಬಳಿದ. ಅದು ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಹನಿಗಟ್ಟಿ ಅತ್ತಿತ್ತ ಸರಿದುಕೊಂಡಿತು. ಒರೆಸಿ ಮತ್ತೆ ಬಳಿದರೂ ಅದೇ ಪಾಡು. ಅವನು ಬಾನೆಟ್ಟಿಗೆ ಬೆರಳು ಉಜ್ಜಿ ಮೂಸಿ ನೋಡಿದ.

"ಅಮ್ಮಾ, ಇದಕ್ಕೇನಾದ್ರೂ ಹಚ್ಚಿದ್ರಾ?"

ಅತ್ತಿಗೆ ತಲೆ ತಗ್ಗಿಸಿದರು. ಅಣ್ಣ ಹಾಸಿಗೆ ಹಿಡಿದಾಗಿನಿಂದ, ಕಾರಿಗೆ ತುಕ್ಕು ಹತ್ತಬಾರದೆಂದು ಪ್ರತಿ ಶುಕ್ರವಾರ ಹರಳೆಣ್ಣೆ ತಿಕ್ಕುತ್ತಿದ್ದರಂತೆ. ಗಂಡ ಎದ್ದು ಬಂದು ಮತ್ತೆ ಕಾರು ಓಡಿಸುತ್ತಾನೆಂದು ಮನೆಯಲ್ಲಿ ಅವರೊಬ್ಬರೇ ನಂಬಿದ್ದರು.

ಮೇಸ್ತ್ರಿ ಮಾತ್ರ, "ಎಣ್ಣೆ ಒತ್ತಿದ್ಮೇಲೆ ನೀರು ಹಾಕ್ಬೇಕಲ್ವಾ ತಾಯಿ?" ಎಂದು ಸೀಗೆಪುಡಿ ಕೇಳಿದ. ಹಂಡೆ ನೀರು ಕಾಯಿಸಿ ಮೂವರೂ ಸೇರಿ ಕಾರಿಗೆ ಎರೆದೆವು. ಮುಗಿಯುವ ಹೊತ್ತಿಗೆ ಅತ್ತಿಗೆ ಒಳಗಿನಿಂದ ಕೆಂಡ ತಂದು ನಿಂತರು.

"ಬೇಗ ಆರಲಿ ಅಂತ... ಸಾಂಬ್ರಾಣಿ ಹೊಗೆ ಹಾಕ್ಲಾ?"

೨. ಗಡ್ಡ

ಯುದ್ಧದ ದೆಸೆಯಿಂದ ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆ ಸಿಗುತ್ತಿರಲಿಲ್ಲ. ಮೇಸ್ತ್ರಿ ಎರಡನೇ ಸಲದ ಪ್ರೈಮರಿಗೆ ಹೊಂಗೆ ಎಣ್ಣೆ ಬೆರೆಸಿದ. "ಎಣ್ಣೆ ಎಣ್ಣೇನೇ ಅಲ್ವಾ ಸ್ವಾಮಿ?" ಅಂದ. ಅಲ್ಲವೆಂದು ಆಮೇಲೆ ತಿಳಿಯಿತು. ಐದು ದಿನವಾದರೂ ಒಣಗಲಿಲ್ಲ, ಮುಟ್ಟಿದರೆ ಬೆಲ್ಲದ ಪಾಕ. ಆ ಐದು ದಿನದಲ್ಲಿ ಅಣ್ಣನಿಗೆ ದಿಂಬಿಲ್ಲದೆ ಕೂರಲು ಆಗದಂತಾಯಿತು. ನನಗೆ ಮೇಸ್ತ್ರಿಯ ಮೇಲೆ, ಬಣ್ಣದ ಮೇಲೆ, ದೇವರ ಮೇಲೆ ಸಿಟ್ಟು.

ಆರನೇ ದಿನ ಪಕ್ಕದ ಕಣದಲ್ಲಿ ರಾಗಿ ತೂರಿದರು. ಹೊಟ್ಟು ಹಾರಿ ಬಂದು ಇಡೀ ಕಾರಿಗೆ ಮೆತ್ತಿಕೊಂಡಿತು. ಅವತ್ತೇ ಅಣ್ಣನಿಗೆ ಕ್ಷೌರ ಮಾಡುವವನು ಬಂದ. ಅಣ್ಣ ಕಿಟಕಿಯಾಚೆ ನೋಡಿ ಹೇಳಿದ:

"ಮೊದಲು ಅದಕ್ಕೆ ಮಾಡಪ್ಪ. ಗಡ್ಡ ನನಗಿಂತ ಜೋರಾಗಿ ಬೆಳೆದಿದೆ."

೩. ವರ್ಗ

ಎಲ್ಲ ಹೆರೆದು ಮೂರನೇ ಸಲ ಬಳಿದ ಪ್ರೈಮರ್ ನಿಂತಿತು, ಮಾರನೇ ದಿನ ಮುಟ್ಟಿದರೆ ಕೈಗೆ ಅಂಟಲಿಲ್ಲ. "ಇನ್ನು ನಾಲ್ಕು ದಿನ ಗಟ್ಟಿಯಾಗಲಿ, ಆಮೇಲೆ ಕರೀ ಬಣ್ಣ" ಅಂದ ಮೇಸ್ತ್ರಿ. ಅಣ್ಣ ನನ್ನ ಕೈ ಹಿಡಿದುಕೊಂಡ. "ಕೆಂಪಾದ್ರೇನು? ಇವತ್ತೇ ಹೋಗೋಣ ಕಣೋ."

ಕೂಡಿಟ್ಟಿದ್ದ ರೇಷನ್ ಪೆಟ್ರೋಲು ಹಾಕಿ, ದಿಂಬು ಒರಗಿಸಿ ಅವನನ್ನು ಕೂರಿಸಿಕೊಂಡು ಹೊರಟೆ. ಕೆರೆ ತುಂಬಿತ್ತು. ಅವನು ಬಹಳ ಹೊತ್ತು ನೋಡಿದ. ಅಷ್ಟರಲ್ಲಿ ಊರಿನವರು ಓಡಿ ಬಂದು ಕಿಟಕಿಯೊಳಗೆ ಕಾಗದ ಹಾಕತೊಡಗಿದರು. ಕೆಂಪು ಬಣ್ಣ ನೋಡಿ ಟಪಾಲಿನ ಗಾಡಿ ಅಂದುಕೊಂಡಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ನನ್ನ ತೊಡೆ ಚಿವುಟಿ, "ಒಬ್ಬೊಬ್ಬರಾಗಿ ಬನ್ನಿ" ಎಂದು ಗತ್ತಿನಿಂದ ಹೇಳಿದ.

ಒಬ್ಬಳು ಅಜ್ಜಿ ಖಾಲಿ ಕಾರ್ಡು ಚಾಚಿದಳು. ಮಗ ಮಿಲಿಟರಿಯಲ್ಲಿದ್ದ. ಅಣ್ಣ ದಿಂಬಿಗೆ ಒರಗಿಕೊಂಡೇ ಬರೆದುಕೊಟ್ಟ.

"ಉತ್ತರ ಬಂದ್ರೆ ಯಾರು ಓದ್ತಾರೆ ನಾಯ್ನಾ?"

"ನಾನೇ ಬಂದು ಓದ್ತೀನಮ್ಮ."

ದಾರಿಯುದ್ದಕ್ಕೂ ನಕ್ಕ. ಕೋಲಾರದಲ್ಲಿ ಎಲ್ಲ ಕಾಗದಗಳನ್ನೂ ನನ್ನ ಕೈಯಲ್ಲಿ ಪೆಟ್ಟಿಗೆಗೆ ಹಾಕಿಸಿದ. ಮುಂದಿನ ವಾರ ಹೋಗಿಬಿಟ್ಟ. ಕರೀ ಬಣ್ಣ ಹೊಡೆಸಲು ನನಗೆ ಮನಸ್ಸಾಗಲಿಲ್ಲ.

ಎರಡು ತಿಂಗಳ ಮೇಲೆ, ಅವನು ಕೊಟ್ಟ ಮಾತಿಗಾಗಿ ಅದೇ ಕೆಂಪು ಕಾರಿನಲ್ಲಿ ಹೋದೆ. ಅಜ್ಜಿ ಕಾಗದ ಹಿಡಿದು ಓಡಿ ಬಂದಳು. ಮಗ ಕ್ಷೇಮವೆಂದು ಓದಿ ಹೇಳಿದೆ. ಅವಳು ಕಾರಿನೊಳಗೆ ಇಣುಕಿದಳು.

"ಆ ಸಾಹೇಬ್ರೆಲ್ಲಿ?"

"ವರ್ಗ ಆಯ್ತಜ್ಜಿ" ಅಂದೆ.

"ದೂರಾನಾ?"

"ದೂರ."

ಅಜ್ಜಿಗೆ ಸಿಟ್ಟೇ ಬಂತು. "ಈ ಸರ್ಕಾರದೋರಿಗೆ ಬುದ್ಧಿ ಇಲ್ಲ ನಾಯ್ನಾ. ಒಳ್ಳೇರನ್ನೇ ಹುಡುಕಿ ಹುಡುಕಿ ವರ್ಗ ಮಾಡ್ತಾರೆ!"