ಗಾಜಿನ ತೊಟ್ಟಿಯ ಮೂರು ಕಣ್ಣಿನವರು

"ನಮ್ಮ ಸೀಮೆಯಲ್ಲಿ ಹುಟ್ಟಿದ ಯಾವ ಜೀವಿಯೇ ಆಗಲಿ, ಭಾನುವಾರದೊಳಗೆ ಅದರ ಹೆಸರು, ಕುಲ, ಗೋತ್ರ ಹೇಳದಿದ್ದರೆ ನಾನು ವಿಜ್ಞಾನದ ಮೇಷ್ಟ್ರೇ ಅಲ್ಲ!"

ಕಳ್ಳಂಬೆಳ್ಳದ ರೇಣುಕಯ್ಯ ಮೇಷ್ಟ್ರು ಹೀಗೆ ಘೋಷಿಸಿದಾಗ ಆ ಜೀವಿಗಳು ಗಾಜಿನ ತೊಟ್ಟಿಯೊಳಗಿಂದ ಅವರನ್ನೇ ನೋಡುತ್ತಿದ್ದವು. ಒಂದೊಂದಕ್ಕೂ ಮೂರು ಮೂರು ಕಣ್ಣು!

ತೊಟ್ಟಿ ಮಹಾಲಿಂಗಯ್ಯನವರದು. ರೇಣುಕಯ್ಯನವರ ಶಾಲೆಯಲ್ಲೇ ಡ್ರಾಯಿಂಗ್ ಮೇಷ್ಟ್ರು, ಅವರ ಇಪ್ಪತ್ತು ವರ್ಷದ ಗೆಳೆಯ. ಎಂಬತ್ತಮೂರನೇ ಇಸವಿಯ ಆಷಾಢದಲ್ಲಿ ತೀರಿಕೊಂಡರು. ಸಾಕಿದ್ದ ಮೀನುಗಳೂ ವಾರದೊಳಗೆ ಅವರ ಹಿಂದೆಯೇ ಹೋದವು. ಗೆಳೆಯನದು ಅಂತ ರೇಣುಕಯ್ಯನವರ ಬಳಿ ಉಳಿದದ್ದು ಆ ತೊಟ್ಟಿಯೊಂದೇ.

ಗಣೇಶನ ಹಬ್ಬ ಬಂದಾಗ ಕೆರೆಯಲ್ಲಿ ಹನಿ ನೀರಿರಲಿಲ್ಲ. ಆ ಕೆರೆಯ ಒಣಮಣ್ಣಿನಲ್ಲೇ ಮಾಡಿದ ಗಣಪನನ್ನು ಬಿಡಲು ಊರವರು ಬಕೆಟ್ಟು, ಹಂಡೆ ಹುಡುಕಿದರೆ, ರೇಣುಕಯ್ಯ ಗೆಳೆಯನ ತೊಟ್ಟಿಗೆ ಬಾವಿ ನೀರು ತುಂಬಿ ಅದರಲ್ಲೇ ಬಿಟ್ಟರು. ಗಣಪ ಕರಗಿದ. ಮೂರನೆಯ ದಿನ ತಳದ ಕೆಸರು ತಾನಾಗಿ ಕದಲಿತು, ಮಲಗಿದವರು ಮಗ್ಗುಲು ಬದಲಿಸಿದ ಹಾಗೆ. ವಾರ ಕಳೆಯುವಷ್ಟರಲ್ಲಿ ಬೆನ್ನಿಗೆ ಚಿಪ್ಪು, ಹೊಟ್ಟೆಗೆ ಲೆಕ್ಕವಿಲ್ಲದಷ್ಟು ಕಾಲು, ಸೀಳು ಬಾಲ! ಆ ಜೀವಿಗಳು ಅಂಗಾತ ಈಜುತ್ತ ಗಾಜು ಕೆರೆಯತೊಡಗಿದವು.

"ಲೇ ಆಂಜಿನಮ್ಮ, ಸದ್ದು ಕೇಳಿಸ್ತೇನೆ?" ಮೇಷ್ಟ್ರು ಹೆಂಡತಿಯನ್ನು ಕೇಳಿದರು.

"ಕೇಳ್ತೈತೆ. ಮಾಲಿಂಗಣ್ಣ ಬೋರ್ಡಿನ ಮ್ಯಾಲೆ ಸೀಮೆಸುಣ್ಣದಾಗೆ ಬರ್ದಂಗೇ ಐತೆ! ಗಣಪ್ಪನ್ನ ತಗಂಡೋಗಿ ಸತ್ತೋರ ತೊಟ್ಟೀಗೆ ಬುಟ್ರಲ್ಲ, ಅದಕ್ಕೇ ಇಂಗಾಗಿರಾದು. ಭಾನುವಾರ ಹೆಸರು ಹೇಳ್ದಿದ್ರೆ ತೊಟ್ಟಿ ಸಮೇತ ತಿಪ್ಪೇಗೆ!"

"ಇದು ವಿಜ್ಞಾನ ಕಣೇ!"

"ವಿಜ್ಞಾನಕ್ಕೆ ಯಾಕ್ರೀ ಮಾರು ದೂರ ನಿಂತಿದ್ದೀರ?"

ತೊಟ್ಟಿ ಹೋದರೆ ಮಹಾಲಿಂಗಯ್ಯ ಎರಡನೆಯ ಸಲ ಹೋದಂತೆ. ರೇಣುಕಯ್ಯ ಮಹಾಸಮರಕ್ಕೆ ನಿಂತರು. ಶಾಲೆಯ ಪುಸ್ತಕದ ಕಪಾಟೇ ಮನೆಗೆ ಬಂತು. ಏಡಿ, ಸೀಗಡಿ, ಚೇಳು, ಯಾವ ಚಿತ್ರವೂ ಹೊಂದಲಿಲ್ಲ. ಶನಿವಾರ ಮಧ್ಯಾಹ್ನ, ಯಾರೂ ಇಲ್ಲದ್ದು ನೋಡಿಕೊಂಡು, ಗಾಜಿಗೆ ಬಾಯಿ ತಾಗಿಸಿ ಮೆಲ್ಲಗೆ ಕರೆದರು: "ಮಾಲಿಂಗಾ?"

ಅಷ್ಟೂ ಒಟ್ಟಿಗೆ ತಿರುಗಿದವು! ಮೇಷ್ಟ್ರು ಕುರ್ಚಿ ಸಮೇತ ಹಿಂದಕ್ಕೆ ಬಿದ್ದರು.

ಭಾನುವಾರ ಬೆಳಿಗ್ಗೆ, ಬೇರೆ ದಾರಿ ಕಾಣದೆ, ಮೀನು ಹಿಡಿಯುವ ಹುಚ್ಚಣ್ಣನನ್ನು ಕರೆಸಿದರು. ಅವನು ಬಗ್ಗಿ ನೋಡಿ ನಕ್ಕೇಬಿಟ್ಟ.

"ಇವು ಕೆರೇವು ಸಾಮಿ. ಮೊಟ್ಟೆ ಒಣಮಣ್ಣಾಗೆ ವರ್ಸಗಟ್ಲೆ ಬಿದ್ದಿರ್ತವೆ. ನೀರು ಬಿದ್ದೇಟ್ಗೆ ಎದ್ದು ಬತ್ತವೆ."

"ಹೆಸರೇನಯ್ಯ?"

"ಅದನ್ಯಾರು ಇಕ್ಕವ್ರೆ? ಅದಿರ್ಲಿ, ಏನಾಕಿ ಸಾಕ್ತಿದ್ದೀರ? ಇಷ್ಟು ದಪ್ಪನವು ನಾನು ಕಂಡೇ ಇಲ್ಲ!"

"ನಾನೇನೂ ಹಾಕಿಲ್ಲವಲ್ಲಯ್ಯ!"

ಅಡುಗೆಮನೆ ಬಾಗಿಲಲ್ಲಿ ಆಂಜಿನಮ್ಮ ಸೆರಗಿಗೆ ಕೈ ಒರೆಸಿಕೊಂಡರು.

"ನಾನು ಮುದ್ದೆ ಚೂರು ಹಾಕ್ತಾ ಇವ್ನಿ. ಭಯಕ್ಕೆ ತಿಪ್ಪೇಗೆ ಅಂದ್ಬುಟ್ಟೆ, ಆದ್ರೆ ಮನ್ಸು ತಡೀಲಿಲ್ಲ. ನೀವು ಹೆಸರು ಹುಡುಕ್ತಾ ಕುಂತ್ರಿ. ಮಾಲಿಂಗಣ್ಣನೇ ಆಗಿದ್ರೆ ಹಸಿವಾಗಾಕಿಲ್ವಾ?"

ರೇಣುಕಯ್ಯ ಪುಸ್ತಕ ಮುಚ್ಚಿದರು.

"ಇವತ್ತು ಹಾಕಿದ್ಯೇನೆ?"

"ನಿಮಗೆ ಮುದ್ದೆ ಇಕ್ಕಾಕಿಂತ ಮುಂಚೆ!"