ಮನೆಗಿಬ್ಬರು ಕಬಡ್ಡಿ ಹುಡುಗಿಯರು

ನಮ್ಮ ಹೊಸನಗರಕ್ಕೆ ದೊಡ್ಡದು ಅನ್ನುವಂಥದ್ದು ಏನೇ ಬರಲಿ, ಒಂದು ಎಡವಟ್ಟಾದರೂ ಆಗದೆ ವಾಪಸ್ ಹೋದದ್ದನ್ನು ನಾನು ಕಂಡಿಲ್ಲ. ಈಗ ಸಾಗರದಲ್ಲಿ ಹಲ್ಲಿನ ಡಾಕ್ಟರೊಬ್ಬರ ಹತ್ತಿರ ಚೀಟಿ ಬರೆಯುವ ಕೆಲಸ ನನ್ನದು. ಕಾಯುತ್ತ ಕೂತವರು ನೋವು ಮರೆಯಲಿ ಅಂತ ನಾನು ಹೇಳುವ ಕತೆಗಳೆಲ್ಲ, ನಾನು ಪಿಯುಸಿಯಲ್ಲಿದ್ದಾಗ ನಮ್ಮೂರಲ್ಲಿ ನಡೆದ ಹುಡುಗಿಯರ ರಾಜ್ಯಮಟ್ಟದ ಕಬಡ್ಡಿಯವು.

ಅದನ್ನು ಊರಿಗೆ ತಂದವರು ಪಿ.ಟಿ. ಮೇಷ್ಟ್ರು. ಜಿಲ್ಲಾ ತಂಡದ ಕೋಚೂ ಅವರೇ. ಆ ವರ್ಷವೇ ನಿವೃತ್ತಿ, ಅಷ್ಟು ವರ್ಷದ ಸರ್ವೀಸಿನಲ್ಲಿ ರಾಜ್ಯದ ಕಪ್ ಒಂದು ಸಲವೂ ಕೈಗೆ ಸಿಕ್ಕಿರಲಿಲ್ಲ. "ಈ ಸಲ ನಮ್ಮ ಅಂಗಳದಲ್ಲೇ ಆಟ. ಈಗ ಗೆಲ್ದೇ ಇದ್ರೆ ಇನ್ಯಾವಾಗ ಮಾರಾಯ್ರೆ?" ಅಂತ ಕಂಡಕಂಡವರಿಗೆ ಹೇಳುತ್ತಿದ್ದರು.

ಹಂಚಿಕೆ

ಅಷ್ಟು ಜನ ಉಳಿಯುವಷ್ಟು ಲಾಡ್ಜ್ ನಮ್ಮಲ್ಲಿ ಎಲ್ಲಿಂದ ಬರಬೇಕು? ಹೊರಜಿಲ್ಲೆಯ ಹುಡುಗಿಯರನ್ನು ಮನೆಗಿಬ್ಬರಂತೆ ಹಂಚುವುದು ಅಂತಾಯಿತು. ನಮ್ಮ ಜಿಲ್ಲೆಯವರು ಮಾತ್ರ, ಶಿಸ್ತು ಕೆಡಬಾರದೆಂದು, ಶಾಲೆಯ ಕೋಣೆಯಲ್ಲಿ. ಮನೆಗೆ ಹೋಗುವ ಹಾಗಿಲ್ಲ, ಮೇಷ್ಟ್ರ ಕಣ್ಣೆದುರೇ ಉಪ್ಪಿಟ್ಟು ತಿನ್ನಬೇಕು.

ತಂಡಗಳು ಬಂದಿಳಿದ ಮರುದಿನ ಬೆಳಿಗ್ಗೆ ನಮ್ಮ ಪಕ್ಕದ ಮನೆಯಾಕೆ ಮುಖ ಕೆಂಪು ಮಾಡಿಕೊಂಡು ಮೇಷ್ಟ್ರ ಮುಂದೆ ಬಂದು ನಿಂತರು.

"ಎಂತ ಆಯ್ತಮ್ಮ? ಹುಡುಗೀರು ಗಲಾಟೆ ಮಾಡಿದ್ರಾ?"

"ಗಲಾಟೆ ಎಂತದೂ ಇಲ್ಲ, ಬಂಗಾರದಂಥ ಮಕ್ಳು. ಆದ್ರೆ ವಿಚಾರಿಸಿದ್ರೆ ಇಬ್ರೂ ಸಬ್‌ಸ್ಟಿಟ್ಯೂಟ್ ಅಂತೆ! ಎದುರು ಮನೆಗೆ ಕ್ಯಾಪ್ಟನ್ನು, ನಮಗೆ ಬೆಂಚಲ್ಲಿ ಕೂರೋರಾ? ನಾವೇನು ಕಾಫಿಗೆ ಹಾಲು ಕಮ್ಮಿ ಹಾಕ್ತೀವಾ ಮೇಷ್ಟ್ರೆ?"

ಮೇಷ್ಟ್ರು ಆ ತಂಡದ ಮ್ಯಾನೇಜರಿಗೆ ಕೈಮುಗಿದು, ಒಬ್ಬಳನ್ನು ಐದು ನಿಮಿಷ ಆಡಿಸಿದ ಮೇಲೇ ಆಕೆ ಮನೆಯಲ್ಲಿ ಒಲೆ ಹಚ್ಚಿದ್ದು.

ಮೆಣಸು

ನಮ್ಮ ಮನೆಗೆ ಬಂದವರು ವಿಜಯಪುರದ ಇಬ್ಬರು. ಅಮ್ಮ ಕಡುಬು, ತಂಬುಳಿ ಬಡಿಸಿದಳು. ಇಬ್ಬರಲ್ಲಿ ಎತ್ತರದವಳು ನಾಲ್ಕು ತುತ್ತು ಉಂಡು ಸಂಕೋಚದಿಂದ ಕೇಳಿದಳು, "ಅವ್ವಾರ, ಚಲೋ ಐತ್ರಿ. ಆದ್ರ ಏನರ ಖಾರ ಇದ್ರ ಕೊಡ್ರಿ."

ಅಮ್ಮ ಹಿತ್ತಲಿಂದ ಒಂದೇ ಒಂದು ಸೂಜಿಮೆಣಸು ತಂದಿಟ್ಟಳು. ಉಗುರಿನುದ್ದದ ಮೆಣಸು, ಒಂದು ಪಾತ್ರೆ ಸಾರಿಗೆ ನಮಗೆ ಎರಡು ಹಾಕಿದರೆ ಸಾಕು. "ಹುಷಾರು ಮಗಾ, ತುದಿ ಮಾತ್ರ ಕಚ್ಚು" ಅಂದಳು. ಅಪ್ಪ ನೀರಿನ ಚೊಂಬು ಹಿಡಿದು ನಿಂತರು, ನಾನು ಸಕ್ಕರೆ ಡಬ್ಬಿ ತೆರೆದೆ. ಹುಡುಗಿ ಇಡೀ ಮೆಣಸನ್ನು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದಳು.

"ವಾಸನಿ ಭಾಳ ಚಲೋ ಐತ್ರಿ. ಮುಂದ ಹಣ್ಣಾದ್ಮ್ಯಾಲ ಇದಕ್ಕ ಖಾರ ಬರ್ತೈತೇನ್ರಿ?"

ಇಂಬಳ

ಸೆಮಿಫೈನಲ್‌ನಲ್ಲಿ ನಮ್ಮ ತಂಡ ಸೋಲುತ್ತಿತ್ತು. ಮೇಷ್ಟ್ರು ಸೀಟಿಯ ದಾರ ಕಚ್ಚುತ್ತ ಕೂತಿದ್ದರು. ನಮ್ಮ ಬೀದಿಯವಳೇ ಆದ ಕ್ಯಾಪ್ಟನ್ ರೈಡಿಗೆ ಹೋದಳು. ನೋಡನೋಡುತ್ತಲೇ ಎದುರಿನ ಬಯಲುಸೀಮೆಯ ಏಳೂ ಹುಡುಗಿಯರು ಕಿರುಚಿಕೊಂಡು ಗೆರೆ ದಾಟಿ ಓಡಿದರು. ಗೆರೆ ದಾಟಿದರೆ ಔಟ್. ತನಗೇ ಹೆದರಿದರು ಅಂದುಕೊಂಡು ನಮ್ಮವಳು ಎದೆ ಸೆಟೆಸಿ ವಾಪಸ್ ಬಂದಳು. ನೋಡಿದರೆ ಅವಳ ಕಾಲಲ್ಲಿ ರಕ್ತ ಹೀರಿ ಊದಿಕೊಂಡ ಒಂದು ಇಂಬಳ, ನಮ್ಮ ಮಲೆನಾಡಿನ ಜಿಗಣೆ.

ಎದುರು ತಂಡದ ಮ್ಯಾನೇಜರ್ ಹಾರಾಡಿದರು: "ಇದು ಮೋಸ! ಇವರು ಎಂಟು ಜನ ಆಡ್ತಿದ್ದಾರೆ!"

ಕುರ್ಚಿಯ ಮೇಲೆ ಕಾಲೆತ್ತಿ ಕೂತಿದ್ದ ಅಂಪೈರು ನಿಯಮದ ಪುಸ್ತಕ ಪೂರ್ತಿ ತಿರುವಿದರು. ಇಂಬಳದ ಬಗ್ಗೆ ಎಲ್ಲೂ ಒಂದಕ್ಷರ ಇಲ್ಲ. ಮೇಷ್ಟ್ರು ಅದನ್ನು ಎರಡು ಬೆರಳಲ್ಲಿ ಕಿತ್ತು ಅವರ ಮುಂದೆ ಹಿಡಿದರು.

"ಇದು ನಮ್ಮ ಟೀಮಿಂದಲ್ಲ ಸ್ವಾಮಿ. ನೋಡಿ, ಕುಡಿದಿದ್ದು ನಮ್ಮ ಹುಡುಗೀದೇ ರಕ್ತ!"

ಆ ಪಾಯಿಂಟುಗಳಿಂದಲೇ ನಾವು ಫೈನಲ್ಲಿಗೆ ಹೋದದ್ದು.

ಫೈನಲ್

ಎದುರಾಳಿ ವಿಜಯಪುರ. ಊರೆಲ್ಲ ಮೈದಾನದಲ್ಲಿತ್ತು. ಅಷ್ಟು ಜನ ಒಟ್ಟಿಗೆ ನಗುತ್ತ ಕೂತದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ, ಇವತ್ತಿಗೂ ನೆನೆದರೆ ಖುಷಿಯಾಗುತ್ತದೆ. ಆದರೆ ಕೂಗು ಮಾತ್ರ ವಿಜಯಪುರಕ್ಕೆ! ಆ ಹುಡುಗಿಯರು ಉಳಿದಿದ್ದ ಮನೆಗಳವರೆಲ್ಲ ನೆಂಟರಿಷ್ಟರನ್ನು ಕಟ್ಟಿಕೊಂಡು ಬಂದಿದ್ದರು. ಮೇಷ್ಟ್ರು ಮೈಕಿನಲ್ಲಿ ಅಂಗಲಾಚಿದರು: "ದಯವಿಟ್ಟು ನಮ್ಮ ಜಿಲ್ಲೆಗೂ ಸ್ವಲ್ಪ ಚಪ್ಪಾಳೆ ತಟ್ಟಿ!"

ಕೊನೆಯ ನಿಮಿಷ. ನಾವು ಒಂದೇ ಪಾಯಿಂಟ್ ಹಿಂದೆ. "ಕಬಡ್ಡಿ ಕಬಡ್ಡಿ" ಅನ್ನುತ್ತ ನುಗ್ಗಿದ ನಮ್ಮ ಕ್ಯಾಪ್ಟನ್ ಇಬ್ಬರನ್ನು ಮುಟ್ಟಿಬಿಟ್ಟಳು. ಇನ್ನು ಮೂರು ಹೆಜ್ಜೆ ಹಾಕಿ ಗೆರೆ ಮುಟ್ಟಿದರೆ ಕಪ್ ನಮ್ಮದು. ಮೇಷ್ಟ್ರು ಆಗಲೇ ಎರಡೂ ಕೈ ಮೇಲೆತ್ತಿದ್ದರು.

ಅಷ್ಟರಲ್ಲಿ ನನ್ನ ಪಕ್ಕದಿಂದ ಅಮ್ಮ ಎದ್ದು ನಿಂತು ಕಿರುಚಿದಳು, "ಕಾಲು ಹಿಡ್ಕೊಳೇ ಮಗಾ! ಬಿಡ್ಬೇಡ ಅವಳನ್ನ!"

ಕ್ಯಾಪ್ಟನ್ ಹುಟ್ಟಿದಾಗಿನಿಂದ ಅಮ್ಮನನ್ನು ನೋಡಿದವಳು. ಗಕ್ಕನೆ ನಿಂತು ತಿರುಗಿ, "ಅತ್ತೆ, ನೀವೂನಾ?" ಅಂದುಬಿಟ್ಟಳು.

ಕಬಡ್ಡಿಯಲ್ಲಿ ಉಸಿರು ಮುರಿದು ಬೇರೆ ಮಾತಾಡಿದರೆ ಮುಗಿಯಿತು. ಅಂಪೈರು ಸೀಟಿ ಊದಿದರು, ಔಟ್.

ಕಪ್ ವಿಜಯಪುರದ ಬಸ್ ಹತ್ತಿದ ಮೇಲೆ ಮೇಷ್ಟ್ರು ಸೀದಾ ಅಮ್ಮನ ಹತ್ತಿರ ಬಂದರು.

"ಅಲ್ಲ ತಾಯಿ, ನೀವು ಯಾವ ಜಿಲ್ಲೆಯೋರು?"

ಅಮ್ಮ ಸೆರಗಿನ ತುದಿ ಹಿಂಡುತ್ತ ಅಂದಳು, "ಮೂರು ದಿನ ನನ್ನ ಕೈಲಿ ಉಂಡ ಮಕ್ಳು ಮೇಷ್ಟ್ರೆ, ಬಾಯಿಗೆ ಬಂದ್ಬಿಡ್ತು. ನಮ್ಮ ಹುಡುಗೀರ್ನ ನೀವು ಒಂದು ಹೊತ್ತಾದ್ರೂ ಮನೆ ಕಡೆ ಬಿಟ್ರಾ?"

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ತಪ್ಪು ನಂದೇ ತಾಯಿ. ನಮ್ಮೋರನ್ನೂ ಹೊರಜಿಲ್ಲೆಯೋರು ಅಂತ ಬರ್ಸಿ ನಿಮ್ಮನೇಲೇ ಬಿಟ್ಟಿದ್ರೆ, ಕಪ್ ಇವತ್ತು ನನ್ನ ಕೈಲಿರ್ತಿತ್ತು!"